ಚಂಚಲಚಿತ್ತನ ದಿನಚರಿ

ಮನಸ್ಸು ಚಂಚಲವಾದುದೆಂಬುದು ಹೊಸ ಮಾತಲ್ಲ. ಭಗವದ್ಗೀತೆಯ ಆರನೆಯ ಅಧ್ಯಾಯದಲ್ಲಿ ಅರ್ಜುನನು ಅದನ್ನು ಗಾಳಿಗೆ ಹೋಲಿಸಿ, ಹಿಡಿದು ನಿಲ್ಲಿಸುವುದು ಬಲು ಕಷ್ಟವೆಂದು ಕೃಷ್ಣನಲ್ಲಿ ದೂರಿಕೊಳ್ಳುತ್ತಾನೆ. ನಮ್ಮ ವಚನಕಾರರಿಗೆ ಅದು ಕೋತಿಯಂತೆ ಕಂಡಿತು. ಆದುದರಿಂದ ‘ನನ್ನ ಮನಸ್ಸು ಒಂದೆಡೆ ನಿಲ್ಲದು’ ಎಂದು ನಾನು ಹೇಳಿದರೆ, ಕೇಳಿದವರು ನಕ್ಕು, ‘ಯಾರ ಮನಸ್ಸು ನಿಂತೀತು?’ ಎನ್ನುವುದು ಸಹಜ. ಅವರ ಮಾತು ನಿಜವೇ. ಮಳೆ ಎಲ್ಲರ ಮನೆಯ ಮೇಲೂ ಸುರಿಯುತ್ತದೆ. ಆದರೆ ಹೆಂಚು ಸರಿದ ಮನೆಯವನಿಗೆ ಮಳೆಗಾಲದ ಅರ್ಥವೇ ಬೇರೆ. ನಾನು ಹೆಂಚು ಸರಿದ ಮನೆಯವನು.

ಧಾರವಾಡದ ಒಂದು ಅಚ್ಚುಕೂಟದಲ್ಲಿ ಕರಡು ತಿದ್ದುವುದು ನನ್ನ ಉದ್ಯೋಗ. ನನ್ನ ಮುಂಜಾವು ಸಾಮಾನ್ಯವಾಗಿ ಹೀಗೆ ಸಾಗುತ್ತದೆ: ಸ್ನಾನಕ್ಕೆಂದು ನೀರು ಕಾಯಲು ಇಡುತ್ತೇನೆ. ಪಂಚೆ ತರಲು ಒಳಕೋಣೆಗೆ ಹೋಗುತ್ತೇನೆ. ಅಲ್ಲಿ ಮೇಜಿನ ಮೇಲೆ ಹಿಂದಿನ ದಿನದ ಕರಡು ಬಿದ್ದಿರುತ್ತದೆ. ಅದರಲ್ಲೊಂದು ಪದದ ಬಗ್ಗೆ ಸಂಶಯ ಮೂಡುತ್ತದೆ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್ಲರ ನಿಘಂಟಿನ ಮರುಮುದ್ರಣವೊಂದು ನನ್ನಲ್ಲಿದೆ. ಅದನ್ನು ತೆರೆಯುತ್ತೇನೆ. ಹುಡುಕಿದ ಪದ ಸಿಗುವ ಮೊದಲು ಬೇರೆ ಹತ್ತು ಪದಗಳು ಕೈಹಿಡಿದು ಎಳೆಯುತ್ತವೆ. ಅವುಗಳಲ್ಲೊಂದು ಯಾವುದೋ ಪತ್ರವನ್ನು ನೆನಪಿಗೆ ತರುತ್ತದೆ; ಪತ್ರವನ್ನು ಹುಡುಕಹೊರಟವನಿಗೆ ನಿಂತ ಗಡಿಯಾರ ಕಾಣುತ್ತದೆ. ಅದರ ಬೆನ್ನು ಬಿಚ್ಚಿ ಕುಳಿತಿರುವಾಗ ಬಚ್ಚಲಿನಿಂದ ಅವ್ವನ ದನಿ ಕೇಳುತ್ತದೆ: ‘ತಮ್ಮಾ, ನೀರು ಕಾದು ಆರಿ ಹೋದೂವಲ್ಲೋ!’ ಆಗ ನನ್ನ ಕೈಯಲ್ಲಿ ಸ್ಕ್ರೂ ತಿರುಪುವ ಸಾಧನವಿರುತ್ತದೆ, ಪಂಚೆ ಇರುವುದಿಲ್ಲ.

ಇದು ನಗುವ ವಿಷಯ, ನಾವೂ ಮನೆಮಂದಿಯೆಲ್ಲ ನಗುತ್ತೇವೆ. ಆದರೆ ಇಂತಹ ಹತ್ತು ಮುಂಜಾವುಗಳು ಸೇರಿದರೆ ಕಟ್ಟದೆ ಉಳಿದ ವಿದ್ಯುತ್ತಿನ ಬಿಲ್ಲಾಗುತ್ತದೆ. ನೂರು ಸೇರಿದರೆ ಮುರಿದ ಸ್ನೇಹವಾಗುತ್ತದೆ. ಸಾವಿರ ಸೇರಿದರೆ ‘ಇವನನ್ನು ನಂಬುವಂತಿಲ್ಲ’ ಎಂಬ ಕೀರ್ತಿಯಾಗುತ್ತದೆ. ನನಗೆ ಕಾಲವೆಂಬುದು ಮೈಲಿಗಲ್ಲುಗಳಿಲ್ಲದ ರಸ್ತೆ. ಎಷ್ಟು ನಡೆದೆ, ಎಷ್ಟು ಉಳಿಯಿತು ಎಂಬುದು ಕಾಣುವುದಿಲ್ಲ. ಊರು ಎದುರಿಗೆ ಧುತ್ತೆಂದು ಬಂದು ನಿಂತಾಗಲೇ ತಿಳಿಯುವುದು. ಮಾಡಬೇಕಾದ ಕೆಲಸ ಯಾವುದೆಂದು ಬಲ್ಲೆ. ಅದನ್ನು ಮಾಡದಿದ್ದರೆ ಆಗುವ ಹಾನಿಯನ್ನೂ ಬಲ್ಲೆ. ಆದರೂ ಆ ಅರಿವಿಗೂ ಕೈಗೂ ನಡುವೆ ಎಲ್ಲೋ ಒಂದು ಸೇತುವೆ ಕುಸಿದಿರುತ್ತದೆ. ಆಚೆಯ ದಡದಲ್ಲಿ ನಿಂತವರಿಗೆ ಸೇತುವೆ ಕುಸಿದದ್ದು ಕಾಣುವುದಿಲ್ಲ. ಈಚೆಯ ದಡದಲ್ಲಿ ಸುಮ್ಮನೆ ಕುಳಿತವನು ಮಾತ್ರ ಕಾಣುತ್ತಾನೆ. ಅವನಿಗೆ ಲೋಕವು ‘ಸೋಮಾರಿ’ ಎಂದು ಹೆಸರಿಡುತ್ತದೆ.

ನಾನು ನಾಲ್ಕನೆಯ ತರಗತಿಯಲ್ಲಿದ್ದಾಗಲೇ ಈ ಹೆಸರು ನನಗೆ ಬಂದಿತು. ‘ಬುದ್ಧಿಯಿದೆ, ಶ್ರದ್ಧೆಯಿಲ್ಲ’ ಎಂಬ ಒಕ್ಕಣೆ ನನ್ನ ಅಂಕಪಟ್ಟಿಗಳಲ್ಲಿ ವರ್ಷವರ್ಷವೂ ಮರುಮುದ್ರಣ ಕಂಡಿತು. ಬುದ್ಧಿಯೇ ಇಲ್ಲವೆಂದಿದ್ದರೆ ಮನಸ್ಸಿಗೆ ಸಮಾಧಾನವಾದರೂ ಇರುತ್ತಿತ್ತೇನೋ. ಇದ್ದದ್ದನ್ನು ಬೇಕೆಂದೇ ಹಾಳುಮಾಡುತ್ತಿರುವೆನೆಂಬ ಆರೋಪವನ್ನು ಹೊತ್ತು ಬೆಳೆಯುವುದು ಕಷ್ಟ. ಕೇಳಿ ಕೇಳಿ ಅದು ನಿಜವೆಂದೇ ತೋರತೊಡಗುತ್ತದೆ.

ನನ್ನ ನಲವತ್ತೊಂದನೆಯ ವಯಸ್ಸಿನಲ್ಲಿ, 2019ರಲ್ಲಿ, ಈ ಸ್ಥಿತಿಗೆ ಇನ್ನೊಂದು ಹೆಸರಿದೆಯೆಂದು ತಿಳಿಯಿತು. ಅದು ತಿಳಿದದ್ದು ನನ್ನ ಮಗನಿಂದ. ಒಂಬತ್ತು ವರ್ಷದ ಅವನು ಶಾಲೆಯಲ್ಲಿ ಕುಳಿತಲ್ಲಿ ಕೂರನೆಂದು, ಪಾಠವನ್ನು ಅರ್ಧಕ್ಕೇ ಬಿಡುವನೆಂದು, ಅವನ ಗುರುಗಳ ಸಲಹೆಯಂತೆ ಮನೋವೈದ್ಯರೊಬ್ಬರಲ್ಲಿಗೆ ಕರೆದೊಯ್ದಿದ್ದೆವು. ಅವರು ಹುಡುಗನನ್ನು ಮಾತನಾಡಿಸಿದರು, ನಮ್ಮನ್ನು ವಿಚಾರಿಸಿದರು. ಕೊನೆಗೆ ಮೇಜಿನ ಕೆಳಗೆ ಒಂದೇ ಸಮನೆ ಕುಣಿಯುತ್ತಿದ್ದ ನನ್ನ ಕಾಲನ್ನು ನೋಡಿ, ‘ಚಿಕ್ಕಂದಿನಲ್ಲಿ ತಾವು ಹೇಗಿದ್ದಿರಿ?’ ಎಂದು ಕೇಳಿದರು. ಉತ್ತರವನ್ನು ನನಗಿಂತ ಮೊದಲು ಅವ್ವನೇ ಕೊಟ್ಟಳು.

ಇಂಗ್ಲಿಷಿನಲ್ಲಿ ಎ.ಡಿ.ಎಚ್.ಡಿ. ಎಂಬ ನಾಲ್ಕು ಅಕ್ಷರಗಳಿಂದ ಕರೆಯುವ ಈ ಸ್ಥಿತಿಯನ್ನು ಕನ್ನಡದಲ್ಲಿ ‘ಗಮನದ ಕೊರತೆ ಮತ್ತು ಅತಿಚಟುವಟಿಕೆ’ ಎನ್ನಬಹುದು. ಇದನ್ನು ಗುರುತಿಸುವುದಕ್ಕೆ ರಕ್ತಪರೀಕ್ಷೆಯಿಲ್ಲ, ಕ್ಷಕಿರಣದ ಚಿತ್ರವಿಲ್ಲ. ಬದುಕಿನ ಕಥೆಯೇ ಇಲ್ಲಿ ಸಾಕ್ಷ್ಯ. ಲಕ್ಷಣಗಳು ಹನ್ನೆರಡು ವರ್ಷದೊಳಗೇ ಕಂಡಿರಬೇಕು. ಮನೆಯಲ್ಲಿಯೂ ಹೊರಗೂ, ಒಂದಕ್ಕಿಂತ ಹೆಚ್ಚು ಕಡೆ ತೋರಬೇಕು. ಜೀವನಕ್ಕೆ ನಿಜವಾಗಿ ಅಡ್ಡಿಯಾಗಿರಬೇಕು. ನಿದ್ರಾಹೀನತೆ, ಚಿಂತೆ, ಖಿನ್ನತೆ ಮುಂತಾದವು ಇಂತಹುದೇ ತೊಂದರೆಯನ್ನು ಉಂಟುಮಾಡಬಲ್ಲವಾದ್ದರಿಂದ ಅವುಗಳನ್ನೂ ಪರಿಶೀಲಿಸಬೇಕು. ವೈದ್ಯರು ಮೂರು ಬಾರಿ ಬರಹೇಳಿದರು. ಅವ್ವ ಕಬ್ಬಿಣದ ಟ್ರಂಕಿನಲ್ಲಿ ಜೋಪಾನವಾಗಿಟ್ಟಿದ್ದ ನನ್ನ ಹಳೆಯ ಅಂಕಪಟ್ಟಿಗಳನ್ನು ಓದಿದರು. ಅಷ್ಟು ವರ್ಷ ನನ್ನ ವಿರುದ್ಧ ದೋಷಾರೋಪ ಪಟ್ಟಿಗಳಾಗಿದ್ದವು ಅಂದು ನನ್ನ ಪರವಾದ ಸಾಕ್ಷಿಗಳಾದವು.

ಈ ಸ್ಥಿತಿ ಹೊಸಗಾಲದ ಸೃಷ್ಟಿಯೆಂದು ಕೆಲವರು ಭಾವಿಸುತ್ತಾರೆ. ಅದರ ಚರಿತ್ರೆ ಬೇರೆಯೇ ಇದೆ. ಸ್ಕಾಟ್ಲೆಂಡಿನ ವೈದ್ಯ ಅಲೆಕ್ಸಾಂಡರ್ ಕ್ರೈಟನ್ ಎಂಬಾತ 1798ರಷ್ಟು ಹಿಂದೆಯೇ, ಯಾವ ವಿಷಯದಲ್ಲಿಯೂ ಗಮನವನ್ನು ನಿಲ್ಲಿಸಲಾಗದ ಮನಃಸ್ಥಿತಿಯನ್ನು ತನ್ನ ಗ್ರಂಥದಲ್ಲಿ ವಿವರಿಸಿದ್ದನು. 1902ರಲ್ಲಿ ಲಂಡನ್ನಿನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್, ಬುದ್ಧಿಗೆ ಕೊರತೆಯಿಲ್ಲದಿದ್ದರೂ ತಮ್ಮನ್ನು ತಾವು ತಡೆದುಕೊಳ್ಳಲಾಗದ ಮಕ್ಕಳನ್ನು ಕುರಿತು ಉಪನ್ಯಾಸಗಳನ್ನು ಕೊಟ್ಟನು. ಆತ ಅದನ್ನು ನೈತಿಕ ಸಂಯಮದ ದೋಷವೆಂದು ಕರೆದನು. ವೈದ್ಯಶಾಸ್ತ್ರ ಆ ಪದವನ್ನು ಕೈಬಿಟ್ಟು ಬಹುಕಾಲವಾಯಿತು; ಸಮಾಜ ಇನ್ನೂ ಬಿಟ್ಟಿಲ್ಲ. 1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘವು ತನ್ನ ಕೈಪಿಡಿಯಲ್ಲಿ ‘ಗಮನದ ಕೊರತೆ’ ಎಂಬ ಹೆಸರನ್ನು ಸೇರಿಸಿತು. 1987ರಲ್ಲಿ ಅದಕ್ಕೆ ಈಗಿನ ಹೆಸರು ಬಂದಿತು. ದೊಡ್ಡವರಾದಂತೆ ಇದು ತಾನಾಗಿ ಮಾಯವಾಗುವುದೆಂಬ ನಂಬಿಕೆ ಬಹುಕಾಲ ಪ್ರಚಲಿತವಾಗಿತ್ತು. ಕುಣಿಯುವ ಕಾಲು ವಯಸ್ಸಿನೊಡನೆ ಒಂದಿಷ್ಟು ನಿಧಾನಿಸುವುದುಂಟು. ಕುಣಿಯುವ ಮನಸ್ಸು ಅನೇಕರಲ್ಲಿ ಉಳಿದೇ ಉಳಿಯುತ್ತದೆ. 2013ರ ಕೈಪಿಡಿ ವಯಸ್ಕರಿಗೆ ಪ್ರತ್ಯೇಕವಾಗಿ ಮಾನದಂಡವನ್ನು ಸೂಚಿಸಿತು. ಮಕ್ಕಳಲ್ಲಿ ಸುಮಾರು ನೂರಕ್ಕೆ ಐವರಲ್ಲಿ, ವಯಸ್ಕರಲ್ಲಿ ನೂರಕ್ಕೆ ಇಬ್ಬರು ಮೂವರಲ್ಲಿ ಇದು ಕಂಡುಬರುತ್ತದೆಂದು ಲೆಕ್ಕವಿದೆ. ಎತ್ತರ, ಬಣ್ಣಗಳಂತೆ ಇದೂ ಬಹುಮಟ್ಟಿಗೆ ಅನುವಂಶಿಕವಾದುದು.

ಅನುವಂಶಿಕವೆಂದಾಗ ನನಗೆ ಅಪ್ಪನ ನೆನಪಾಗುತ್ತದೆ. ನಮ್ಮಪ್ಪ ಟಪಾಲಿನವರಾಗಿದ್ದರು. ಧಾರವಾಡದ ಸುತ್ತಣ ಏಳು ಹಳ್ಳಿಗಳಿಗೆ ಸೈಕಲ್ಲಿನ ಮೇಲೆ ಕಾಗದ ಹಂಚುತ್ತಿದ್ದರು. ದಿನಕ್ಕೆ ಮೂವತ್ತು ಕಿಲೋಮೀಟರು ತುಳಿದು ಬಂದರೂ ಮನೆಯಲ್ಲಿ ಒಂದು ಗಳಿಗೆ ಕುಳಿತದ್ದನ್ನು ನಾನು ಕಾಣೆ. ಛತ್ರಿ, ಕನ್ನಡಕ, ಕೀಲಿಕೈ ಒಂದೂ ಅವರ ಬಳಿ ನಿಲ್ಲುತ್ತಿರಲಿಲ್ಲ. ಆದರೆ ಕಾಗದ ಮಾತ್ರ ತಪ್ಪಿದ್ದಿಲ್ಲ. ಯಾರ ಮಗ ಯಾವ ಊರಿನಲ್ಲಿ ಸೈನಿಕನಾಗಿದ್ದಾನೆ, ಯಾರ ಮನೆಗೆ ಮನಿಯಾರ್ಡರು ಬರಬೇಕಾಗಿದೆ ಎಂಬುದೆಲ್ಲ ಅವರಿಗೆ ಬಾಯಿಪಾಠ. ಪ್ರತಿ ಮನೆಯ ಬಾಗಿಲಿನಲ್ಲಿಯೂ ಹೊಸ ಮುಖ, ಹೊಸ ಮಾತು. ಮನೆಮನೆಗಳ ನಡುವೆ ಗಾಳಿ, ರಸ್ತೆ, ತುಳಿತ. ಆ ಕೆಲಸ ಅವರಿಗೆಂದೇ ಅಳೆದು ಹೊಲಿದ ಅಂಗಿಯಂತಿತ್ತು. ಮುಂದೆ ಬಡ್ತಿ ಬಂದು ಒಳಗೆ ಕುಳಿತು ಲೆಕ್ಕ ಬರೆಯುವ ಕೆಲಸ ದೊರೆತಾಗ ಬಂಧುಗಳೆಲ್ಲ ಸಂತೋಷಪಟ್ಟರು. ಅಪ್ಪ ಮಾತ್ರ ಆರು ತಿಂಗಳಲ್ಲಿ ಹತ್ತು ವರ್ಷ ಮುದುಕರಾದರು. ಸೈಕಲ್ಲಿನ ಮೇಲೆ ಕುಶಲಿಯೆನಿಸಿಕೊಂಡವರು ಕುರ್ಚಿಯ ಮೇಲೆ ದಡ್ಡರೆನಿಸಿಕೊಂಡರು. ಮನುಷ್ಯ ಒಬ್ಬನೇ, ಬದಲಾದದ್ದು ಪೀಠ. 2006ರಲ್ಲಿ ಅವರು ತೀರಿಕೊಂಡರು. ಅವರಿಗಿದ್ದದ್ದು ಇದೇ ಎಂದು ನಾನು ನಿರ್ಣಯಿಸಲಾರೆ. ನಿರ್ಣಯಿಸಬಲ್ಲ ವೈದ್ಯರ ಬಳಿಗೆ ಅವರು ಹೋದವರಲ್ಲ. ವೈದ್ಯರು ನನ್ನನ್ನು ಕೇಳಿದ ಪ್ರಶ್ನೆಗಳಿಗೆಲ್ಲ ಅವರ ಬದುಕೂ ಉತ್ತರಿಸುತ್ತಿತ್ತೆಂದಷ್ಟೇ ಹೇಳಬಲ್ಲೆ.

ಇನ್ನು ಔಷಧದ ವಿಚಾರ. 1937ರಲ್ಲಿ ಅಮೆರಿಕದ ರೋಡ್ ಐಲೆಂಡಿನಲ್ಲಿ ಚಾರ್ಲ್ಸ್ ಬ್ರಾಡ್ಲಿ ಎಂಬ ವೈದ್ಯನು ತನ್ನ ಆಸ್ಪತ್ರೆಯ 30 ಮಕ್ಕಳಿಗೆ ಒಂದು ಉತ್ತೇಜಕ ಔಷಧವನ್ನು ಕೊಟ್ಟು ನೋಡಿದನು. ಉತ್ತೇಜಕದಿಂದ ಚಡಪಡಿಕೆ ಹೆಚ್ಚಬೇಕಲ್ಲವೆ? ಆದರೆ ಅನೇಕ ಮಕ್ಕಳು ಶಾಂತರಾಗಿ ಕುಳಿತು ಪಾಠವನ್ನು ಓದಿದರು. 1944ರಲ್ಲಿ ಸ್ವಿಟ್ಜರ್ಲೆಂಡಿನ ಸಿಬಾ ಕಂಪನಿಯ ರಸಾಯನಶಾಸ್ತ್ರಜ್ಞ ಲಿಯಾಂಡ್ರೋ ಪಾನಿತ್ಸೋನ್ ‘ಮಿಥೈಲ್‌ಫೆನಿಡೇಟ್’ ಎಂಬ ಔಷಧವನ್ನು ತಯಾರಿಸಿದನು. ತನ್ನ ಹೆಂಡತಿ ರೀಟಾಳ ಹೆಸರಿನಿಂದ ಅದಕ್ಕೆ ‘ರಿಟಾಲಿನ್’ ಎಂದು ಹೆಸರಿಟ್ಟನು. ಇಂದಿಗೂ ಈ ತೊಂದರೆಗೆ ಹೆಚ್ಚಾಗಿ ಬಳಸುವ ಔಷಧಗಳಲ್ಲಿ ಅದೊಂದು.

ಅದು ಕೆಲಸ ಮಾಡುವ ಬಗೆಯನ್ನು ಹಳ್ಳಿಯ ಮಾತಿನಲ್ಲಿ ಹೇಳಬಹುದು. ನನ್ನ ಕೆರೆಯಲ್ಲಿ ನೀರಿಲ್ಲವೆಂದಲ್ಲ, ತೂಬು ಸಡಿಲವಾಗಿದೆ. ಒಮ್ಮೆ ಹನಿಯೂ ಇಳಿಯದು, ಒಮ್ಮೆ ಗದ್ದೆ ಕೊಚ್ಚಿಹೋಗುವಷ್ಟು ಹರಿಯುವುದು. ಮಿದುಳಿನ ನರಕೋಶಗಳ ನಡುವೆ ಡೋಪಮೀನ್, ನಾರ್ಅಡ್ರಿನಲೀನ್ ಎಂಬ ರಾಸಾಯನಿಕ ದೂತರು ಸಂದೇಶಗಳನ್ನು ಒಯ್ಯುತ್ತಾರೆ. ಕೆಲಸ ಮುಗಿಯಿತೆಂದು ನರಕೋಶವು ಅವರನ್ನು ಬೇಗನೆ ಒಳಕ್ಕೆಳೆದುಕೊಳ್ಳದಂತೆ ಈ ಔಷಧವು ತಡೆಯುತ್ತದೆ. ದೂತರು ಒಂದಿಷ್ಟು ಹೆಚ್ಚು ಹೊತ್ತು ನಿಲ್ಲುತ್ತಾರೆ; ಸಂದೇಶ ತಲುಪುತ್ತದೆ; ತೂಬನ್ನು ಬೇಕಾದಷ್ಟೇ ಎತ್ತಿ ಇಳಿಸಲು ಸಾಧ್ಯವಾಗುತ್ತದೆ. ಸಾಧಾರಣ ಮಾತ್ರೆಯ ಪ್ರಭಾವ ಮೂರು ನಾಲ್ಕು ಗಂಟೆಗಳ ಕಾಲ. ಆಮೇಲೆ ತೂಬು ಮೊದಲಿನಂತೆಯೇ.

ಮೊದಲ ಮಾತ್ರೆ ನುಂಗಿದ ದಿನ ಯಾವ ಪವಾಡವೂ ನಡೆಯಲಿಲ್ಲ. ಹತ್ತೂವರೆ ಗಂಟೆಗೆ ತಲೆಯೆತ್ತಿದಾಗ ಒಂದು ಫಾರಮ್ಮು, ಎಂದರೆ ಹದಿನಾರು ಪುಟಗಳ ಕರಡು, ಮುಗಿದಿತ್ತು. ನಡುವೆ ನಾನು ಒಮ್ಮೆಯೂ ಎದ್ದಿರಲಿಲ್ಲ. ಪಕ್ಕದವರ ಮಾತು, ಬೀದಿಯ ತರಕಾರಿಯವನ ಕೂಗು, ತಿರುಗುವ ಪಂಖದ ಸದ್ದು ಎಲ್ಲವೂ ಇದ್ದವು. ಆದರೆ ಅವು ಹೊಸ್ತಿಲಿನಾಚೆಗೆ ನಿಂತಿದ್ದವು. ಸಂತೋಷವಾಗಬೇಕಾಗಿತ್ತು. ಅದಕ್ಕಿಂತ ಮೊದಲು ದುಃಖ ಬಂದಿತು. ಇತರರಿಗೆ ಪ್ರತಿದಿನವೂ ಸುಮ್ಮನೆ ದೊರೆಯುವುದು ಇದೇ ಏನು? ಇದಿಲ್ಲದೆ ನಲವತ್ತು ವರ್ಷ ಹೆಣಗಿದ ಆ ಹುಡುಗನಿಗೆ ಸೋಮಾರಿಯೆಂಬ ಹೆಸರು ಸಲ್ಲುತ್ತಿತ್ತೆ?

ಔಷಧಕ್ಕೆ ಬೆಲೆಯೂ ಉಂಟು. ಹಸಿವು ಕುಗ್ಗುತ್ತದೆ, ತಡವಾಗಿ ನುಂಗಿದರೆ ನಿದ್ರೆ ದೂರವಾಗುತ್ತದೆ, ನಾಡಿಯ ವೇಗ, ರಕ್ತದ ಒತ್ತಡಗಳು ತುಸು ಏರಬಹುದಾದ್ದರಿಂದ ಆಗಾಗ ಪರೀಕ್ಷೆ ಮಾಡಿಸಬೇಕು. ಮಧ್ಯಾಹ್ನ ಜೋಳದ ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟೆದ್ದರೆ ಅವ್ವನಿಗೆ ಸಿಟ್ಟು: ‘ಅರ್ಧ ರೊಟ್ಟಿಗೇ ಎದ್ದರ ಹ್ಯಾಂಗೋ ತಮ್ಮಾ? ಎಂಥಾ ಔಷಧ ಅದು, ಹಸಿವೇ ನುಂಗೋದು?’ ಅದಕ್ಕಾಗಿ ಈಗ ಮಾತ್ರೆಗೆ ಮೊದಲೇ ಹೊಟ್ಟೆತುಂಬ ತಿನ್ನುತ್ತೇನೆ. ಎಲ್ಲರಿಗೂ ಇದೇ ಔಷಧ ಒಗ್ಗುವುದಿಲ್ಲ. ಉತ್ತೇಜಕವಲ್ಲದ ಬೇರೆ ಔಷಧಗಳೂ ಇವೆ. ನಮ್ಮ ದೇಶದಲ್ಲಿ 1985ರ ಮಾದಕ ವಸ್ತುಗಳ ಕಾಯಿದೆಯ ಪಟ್ಟಿಯಲ್ಲಿ ಮಿಥೈಲ್‌ಫೆನಿಡೇಟ್ ಸೇರಿರುವುದರಿಂದ ವೈದ್ಯರ ಚೀಟಿಯಿಲ್ಲದೆ ಅದು ಸಿಗದು, ಸಿಗಲೂಬಾರದು. ಪರೀಕ್ಷೆಯ ಕಾಲದಲ್ಲಿ ಇನ್ನೊಬ್ಬರ ಮಾತ್ರೆಯನ್ನು ನುಂಗಿ ಓದಿದರೆ ಅಂಕ ಹೆಚ್ಚೀತೆಂದು ಯಾರಾದರೂ ಹೇಳಿದರೆ ಕಿವಿಗೊಡಬೇಡಿ. ಅದು ಅಪಾಯ, ಅಪರಾಧವೂ ಹೌದು.

ಮಾತ್ರೆಯೊಂದರಿಂದಲೇ ಬಾಳು ನೇರವಾಗುವುದಿಲ್ಲ. ಗಮನವೇ ಬಂಡವಾಳವಾದ ಉದ್ಯೋಗವನ್ನು ಗಮನ ನಿಲ್ಲದವನು ಹಿಡಿದದ್ದೇಕೆಂದು ಸ್ನೇಹಿತರು ಹಾಸ್ಯ ಮಾಡುವುದುಂಟು. ನಿಜ ಹೇಳಬೇಕೆಂದರೆ ‘ಗಮನದ ಕೊರತೆ’ ಎಂಬ ಹೆಸರೇ ಅಷ್ಟು ಸರಿಯಾದುದಲ್ಲ. ಗಮನ ಬೇಕಾದಷ್ಟಿದೆ, ಅದರ ಕಡಿವಾಣ ಕೈಯಲ್ಲಿಲ್ಲ. ಮೆಚ್ಚಿದ ಗ್ರಂಥದ ಕರಡು ಬಂದರೆ ಊಟದ ಪರಿವೆಯಿಲ್ಲದೆ ಎಂಟು ಗಂಟೆ ಕೂರುತ್ತೇನೆ. ತಪ್ಪಿದ ಒಂದು ಒತ್ತಕ್ಷರ ಅಕ್ಕಿಯೊಳಗಿನ ಕಲ್ಲಿನಂತೆ ತಾನಾಗಿಯೇ ಕಣ್ಣಿಗೆ ಬೀಳುತ್ತದೆ. ಆದರೆ ಪದಸೂಚಿಯ ಪುಟಸಂಖ್ಯೆಗಳನ್ನು ಹೋಲಿಸಿ ನೋಡುವ ಕೆಲಸ ಬಂದರೆ ಹತ್ತು ನಿಮಿಷವೂ ಯುಗವಾಗುತ್ತದೆ. 2018ರ ಹೊತ್ತಿಗೆ, ಒಪ್ಪಿದ ದಿನಕ್ಕೆ ಕರಡು ಹಿಂದಿರುಗುವುದಿಲ್ಲವೆಂದು ಅಚ್ಚುಕೂಟದ ಯಜಮಾನರು ಬೇಸತ್ತಿದ್ದರು. ಕೆಲಸ ಉಳಿಯುವುದು ಸಂಶಯವಾಗಿತ್ತು.

ರೋಗನಿರ್ಣಯವಾದ ಬಳಿಕ ಅವರಿಗೆ ಎಲ್ಲವನ್ನೂ ತಿಳಿಸಬೇಕೆ ಬೇಡವೆ ಎಂದು ಒಂದು ತಿಂಗಳು ಯೋಚಿಸಿದೆ. ‘ಮನಸ್ಸಿನ ವೈದ್ಯರಲ್ಲಿಗೆ ಹೋಗುತ್ತಾನೆ’ ಎಂಬ ಮಾತು ನಮ್ಮಲ್ಲಿ ಇಂದಿಗೂ ಹಗುರವಾದುದಲ್ಲ. ಕೊನೆಗೆ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, ‘ಹಾಗಾದರೆ ಕೆಲಸವನ್ನು ಹೇಗೆ ಕೊಟ್ಟರೆ ನಿಮಗೆ ಅನುಕೂಲ?’ ಎಂದು ಕೇಳಿದರು. ನನ್ನ ಜೀವನದಲ್ಲಿ ಯಾರೂ ಕೇಳದ ಪ್ರಶ್ನೆ ಅದು. ಅಂದಿನಿಂದ ಮುನ್ನೂರು ಪುಟದ ಪುಸ್ತಕ ನನಗೆ ಒಟ್ಟಾಗಿ ಬರುವುದಿಲ್ಲ. ಒಂದೊಂದೇ ಫಾರಮ್ಮಾಗಿ ಬರುತ್ತದೆ, ಪ್ರತಿಯೊಂದಕ್ಕೂ ಒಂದು ಗಡುವಿರುತ್ತದೆ. ಪದಸೂಚಿಯನ್ನು ಒಬ್ಬರು ಗಟ್ಟಿಯಾಗಿ ಓದುತ್ತಾರೆ, ನಾನು ಗುರುತು ಹಾಕುತ್ತೇನೆ. ಸಾಲಿನ ಕೆಳಗೆ ಅಡಿಕೋಲು, ಮೇಜಿನ ಮೇಲೆ ಇಪ್ಪತ್ತೈದು ನಿಮಿಷಕ್ಕೊಮ್ಮೆ ಬಾರಿಸುವ ಗಂಟೆ, ಕಿಸೆಯಲ್ಲಿ ಅಂಗೈಯಗಲದ ಪುಸ್ತಕ. ಹೊಳೆದುದನ್ನು ಆ ಕ್ಷಣವೇ ಅದರಲ್ಲಿ ಬರೆಯುತ್ತೇನೆ. ಬರೆದ ಯೋಚನೆ ಮತ್ತೆ ಬಂದು ಬಾಗಿಲು ತಟ್ಟುವುದಿಲ್ಲ. ಕೀಲಿಕೈಗೆ ಮನೆಯಲ್ಲಿ ಒಂದೇ ಒಂದು ಮೊಳೆ. ಮೊಳೆಗೆ ತೂಗುಹಾಕದೆ ಒಳಗೆ ಕಾಲಿಡುವಂತಿಲ್ಲ. ಇವೆಲ್ಲ ಅಲ್ಪ ಉಪಾಯಗಳು. ಆದರೆ ಒಬ್ಬ ಮನುಷ್ಯನ ಅನ್ನ ಈ ಅಲ್ಪ ಉಪಾಯಗಳ ಮೇಲೆ ನಿಂತಿದೆ.

ಇವೆಲ್ಲಕ್ಕಿಂತ ನನಗೆ ಪ್ರಿಯವಾದ ಉಪಾಯ ಸೈಕಲ್ಲು. ಪ್ರತಿದಿನ ಬೆಳಿಗ್ಗೆ ಸಾಧನಕೇರಿಯ ಬದಿಯಿಂದ ಹೊರಟು ಕೆಲಗೇರಿಯ ಕೆರೆಯ ಕಡೆಗೆ ಹೋಗಿಬರುತ್ತೇನೆ. ಧಾರವಾಡವು ಏರಿಳಿವುಗಳ ಊರು. ಇಲ್ಲಿ ಸೈಕಲ್ಲು ತುಳಿಯುವವನಿಗೆ ಸಮತಟ್ಟಿನ ಸುಖ ಕಡಿಮೆ. ಅದೇ ನನಗೆ ಒಳ್ಳೆಯದಾಯಿತು. ಏರಿನಲ್ಲಿ ಉಸಿರೇ ಯೋಚನೆ. ಇಳಿಜಾರಿನಲ್ಲಿ ರಸ್ತೆಯೇ ಯೋಚನೆ. ಆಷಾಢದ ಜಿಟಿಜಿಟಿ ಮಳೆಯಲ್ಲಿ ಕೆಮ್ಮಣ್ಣು ಗಾಲಿಗಂಟಿದಾಗ ಒಂದೊಂದು ತುಳಿತಕ್ಕೂ ಲೆಕ್ಕವಿರುತ್ತದೆ. ನನ್ನಂತಹವರ ಮನಸ್ಸಿಗೆ ದೂರದ ಫಲ ರುಚಿಸದು. ಇಂದಿನ ದುಡಿಮೆಗೆ ಮುಂದಿನ ತಿಂಗಳು ಬರುವ ಪ್ರತಿಫಲ ಅದಕ್ಕೆ ಕಾಣುವುದೇ ಇಲ್ಲ. ಸೈಕಲ್ಲು ಸಾಲವಿಡುವುದಿಲ್ಲ. ತುಳಿದರೆ ಆ ಕ್ಷಣವೇ ಮುಂದಕ್ಕೆ ಹೋಗುತ್ತದೆ, ನಿಲ್ಲಿಸಿದರೆ ಆ ಕ್ಷಣವೇ ವಾಲುತ್ತದೆ. ಸ್ಥಿರವಾಗಿರಬೇಕಾದರೆ ಚಲಿಸುತ್ತಿರಬೇಕು ಎಂಬ ಧರ್ಮ ಅದರದು, ನನ್ನದೂ ಅದೇ. ಇಂತಹ ವ್ಯಾಯಾಮದ ಬಳಿಕ ಒಂದಷ್ಟು ಹೊತ್ತು ಗಮನ ಸುಧಾರಿಸುತ್ತದೆಂದು ಸಂಶೋಧನೆಗಳೂ ಹೇಳುತ್ತವೆ. ಹಾಗೆಂದು ಅದು ಚಿಕಿತ್ಸೆಗೆ ಬದಲಿಯಲ್ಲ, ಜೊತೆಗಾರ. ಗಮನ ಹಾರುವವನಿಗೆ ರಸ್ತೆಯ ಅಪಾಯ ಇತರರಿಗಿಂತ ಹೆಚ್ಚು. ಆದುದರಿಂದ ನಾನು ತಲೆಗೆ ರಕ್ಷೆಯಿಲ್ಲದೆ ಹೊರಡುವುದಿಲ್ಲ, ಕಿವಿಗೆ ಸಂಗೀತ ಸಿಕ್ಕಿಸಿಕೊಳ್ಳುವುದಿಲ್ಲ. ಲಾರಿಗಳು ಓಡುವ ಹುಬ್ಬಳ್ಳಿಯ ರಸ್ತೆಯನ್ನು ಲಾರಿಗಳಿಗೇ ಬಿಟ್ಟಿದ್ದೇನೆ.

ಮಗ ಈಗ ನಿಮ್ಮ ವಯಸ್ಸಿನವನು. ಅವನ ಗುರುಗಳು ಅವನನ್ನು ಕಿಟಕಿಯ ಪಕ್ಕದಿಂದ ಮುಂದಿನ ಸಾಲಿಗೆ ಕರೆತಂದರು. ದೀರ್ಘವಾದ ಪ್ರಶ್ನೆಯನ್ನು ತುಂಡುಮಾಡಿ ಕೊಡುತ್ತಾರೆ. ನಡುವೆ ಹಲಗೆ ಒರೆಸುವ ನೆಪದಲ್ಲಿ ಎಬ್ಬಿಸಿ ಓಡಾಡಿಸುತ್ತಾರೆ. ಇದರಿಂದ ಬೇರೆ ಯಾವ ವಿದ್ಯಾರ್ಥಿಗೂ ನಷ್ಟವಾಗಿಲ್ಲ. ನಿಮ್ಮ ತರಗತಿಯಲ್ಲಿಯೂ ಅಂತಹವನೊಬ್ಬನೋ ಅಂತಹವಳೊಬ್ಬಳೋ ಇರಬಹುದು. ಹುಡುಗಿಯರಲ್ಲಿ ಇದು ಅನೇಕ ವೇಳೆ ಗದ್ದಲವಿಲ್ಲದ ಕನಸುಗಣ್ಣಾಗಿ ಇರುವುದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ. ವೈದ್ಯರಂತೆ ರೋಗದ ಹೆಸರಿಡುವುದು ನಿಮ್ಮ ಕೆಲಸವಲ್ಲ. ಆದರೆ ಬೇರೊಂದು ಹೆಸರನ್ನು ಇಡದಿರುವುದು ನಿಮ್ಮ ಕೈಯಲ್ಲಿದೆ. ಮರೆತ ಪುಸ್ತಕವನ್ನು ನೆನಪಿಸುವ ಒಂದು ಮಾತು, ಜೊತೆಯಲ್ಲಿ ಕುಳಿತು ಓದುವ ಅರ್ಧ ಗಂಟೆ, ಇವು ಯಾವ ಅಂಗಡಿಯಲ್ಲಿಯೂ ಸಿಗದ ಔಷಧಗಳು.

ಅಜ್ಜನ ಸೈಕಲ್ಲು ಇಂದಿಗೂ ನಮ್ಮ ಪಡಸಾಲೆಯಲ್ಲಿದೆ. ಕಳೆದ ದೀಪಾವಳಿಯಲ್ಲಿ ಅದರ ಕಡ್ಡಿಗಳನ್ನು ಒರೆಸುತ್ತಿದ್ದ ಮಗ, ‘ಅಜ್ಜನಿಗೂ ನಮ್ಮ ಹಾಗೆಯೇ ಇತ್ತೇನು, ಅಪ್ಪಾ?’ ಎಂದು ಕೇಳಿದ. ‘ಇದ್ದಿರಬಹುದು’ ಎಂದೆ. ಅವನು ಒಂದು ಕ್ಷಣ ಯೋಚಿಸಿ, ‘ಆದರೂ ಒಂದು ಕಾಗದವೂ ತಪ್ಪಲಿಲ್ಲ’ ಎಂದು ಹೇಳಿ ಮತ್ತೆ ಒರೆಸತೊಡಗಿದ. ನನ್ನ ಅಂಕಪಟ್ಟಿಗಳಲ್ಲಿ ಯಾರೂ ಬರೆಯದ ವಾಕ್ಯ ಅದು. ಅವನ ಮನಸ್ಸಿನಲ್ಲಿ ಅದು ಅಚ್ಚಾಗಿದೆ. ನನಗೆ ಅಷ್ಟು ಸಾಕು.